ಒಂದು ತಾಸಿನ ಸುಳ್ಳು

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಯಾರನ್ನಾದರೂ ಕೇಳಿ ನೋಡಿ. "ಒಂದು ಗಂಟೆ" ಅಂತಾರೆ. ಟಿಕೆಟ್ ಮಾರುವ ಆ್ಯಪ್ ಹಾಗನ್ನುತ್ತದೆ, ಮಂತ್ರಿಗಳ ಭಾಷಣ ಹಾಗನ್ನುತ್ತದೆ, ಪಕ್ಕದ ಸೀಟಿನ ಸಹೋದ್ಯೋಗಿಯೂ ಹಾಗೇ ಅನ್ನುತ್ತಾನೆ. ಊರಿಗೆ ಹೋಗಲಿಕ್ಕೆ ಎರಡು ದಿನ ರಜೆ ಕೇಳಿದರೆ ಬರುವ ಮೊದಲ ಉತ್ತರವೂ ಇದೇ: "ಒನ್ ಅವರ್ ಫ್ಲೈಟ್ ಅಲ್ವಾ ಗುರು, ಶನಿವಾರ ಹೋಗಿ ಭಾನುವಾರ ಬಂದ್ಬಿಡು."

ಈ "ಒಂದು ಗಂಟೆ" ನಮ್ಮ ಕಾಲದ ಅತ್ಯಂತ ಸಭ್ಯ ಸುಳ್ಳು. ಸುಳ್ಳು ಹೇಳುವವರಿಗೇ ಅದು ಸುಳ್ಳು ಅಂತ ಗೊತ್ತಿಲ್ಲ. ಅದು ವಿಮಾನಕ್ಕೆ ಬೇಕಾದ ಹೊತ್ತು, ಮನುಷ್ಯನಿಗೆ ಬೇಕಾದ ಹೊತ್ತಲ್ಲ. ಈ ಎರಡನ್ನೂ ಒಂದೇ ಅಂದುಕೊಂಡ ದಿನದಿಂದ ನಮ್ಮ ಸರಕಾರಗಳು ದುಡ್ಡನ್ನು ತಪ್ಪು ಜಾಗದಲ್ಲಿ ಸುರಿಯುತ್ತಿವೆ, ನಾವು ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದೇವೆ. ನನ್ನ ತಕರಾರು ಇಷ್ಟೇ.

ಮೊದಲು ಆಕಾಶದ ಲೆಕ್ಕ ಮುಗಿಸೋಣ. ದೇವನಹಳ್ಳಿ ಹತ್ತಿರದ ಕೆಂಪೇಗೌಡ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ನೇರ ದಾರ ಹಿಡಿದರೆ ಸುಮಾರು 370 ಕಿಲೋಮೀಟರ್. ಇದನ್ನು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಎರಡು ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟರೆ ಹತ್ತು ಸಾಲಿನ ಪ್ರೋಗ್ರಾಮ್ ಸಾಕು, ಇಂಟರ್ನ್‌ಶಿಪ್‌ಗೆ ಬಂದ ಹುಡುಗನೂ ಬರೆಯುತ್ತಾನೆ. ಜೆಟ್ ವಿಮಾನ ತಾಸಿಗೆ 800 ಕಿಲೋಮೀಟರ್ ಹೋಗುತ್ತದೆ ಅಂತ ಹಿಡಿದರೆ ಅರ್ಧ ತಾಸೂ ಆಗುವುದಿಲ್ಲ. ಪ್ರೊಪೆಲ್ಲರ್ ಇರುವ ಎಟಿಆರ್ 72 ತಾಸಿಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ, ಅದಕ್ಕೆ 45 ನಿಮಿಷ. ಹಾಗಾದರೆ ಟಿಕೆಟ್ಟಿನ ಮೇಲೆ ಒಂದು ತಾಸಿಗಿಂತ ಹೆಚ್ಚು ಯಾಕೆ ಬರೆದಿರುತ್ತಾರೆ? ಯಾಕಂದರೆ ಟೈಮ್‌ಟೇಬಲ್ಲಿನ ಹೊತ್ತು ಹಾರಾಟದ ಹೊತ್ತಲ್ಲ. ಗಾಲಿಗೆ ಕೊಟ್ಟ ಅಡ್ಡಗಟ್ಟೆ ತೆಗೆದಾಗ ಶುರುವಾಗಿ, ಅಲ್ಲಿ ಹೋಗಿ ಮತ್ತೆ ಅಡ್ಡಗಟ್ಟೆ ಕೊಟ್ಟಾಗ ಅದು ಮುಗಿಯುತ್ತದೆ. ನಡುವೆ ರನ್‌ವೇ ತನಕ ತೆವಳಬೇಕು, ಸರದಿಯಲ್ಲಿ ನಿಲ್ಲಬೇಕು, ಮೇಲೇರಬೇಕು, ಇಳಿಯುವ ದಾರಿಗೆ ಸುತ್ತಿ ಬರಬೇಕು. ಅದರ ಮೇಲೆ ಕಂಪನಿಯವರು ಒಂದಿಷ್ಟು ನಿಮಿಷ ಕೈಯಿಂದ ಸೇರಿಸಿಯೇ ಇಟ್ಟಿರುತ್ತಾರೆ, ತಡವಾದರೂ "ಆನ್ ಟೈಮ್" ಅನ್ನಿಸಿಕೊಳ್ಳಬೇಕಲ್ಲ. ಹದಿನೈದು ನಿಮಿಷದೊಳಗಿನ ತಡ ಈ ಉದ್ಯಮದ ಲೆಕ್ಕದಲ್ಲಿ ತಡವೇ ಅಲ್ಲ.

ಅಂದರೆ ವಿಮಾನದವರಿಗೇ ತಮ್ಮ "ಒಂದು ತಾಸಿ"ನ ಮೇಲೆ ನಂಬಿಕೆಯಿಲ್ಲ. ಅವರು ಅದಕ್ಕೆ ಉಪ್ಪು-ಖಾರ ಹಚ್ಚಿಯೇ ಮಾರುತ್ತಾರೆ. ನಂಬುವವರು ನಾವು ಮಾತ್ರ.

ಈಗ ನೆಲದ ಲೆಕ್ಕಕ್ಕೆ ಬರೋಣ. ನಮ್ಮೂರು ಮೆಣಸಗಿ, ಗದಗ ಜಿಲ್ಲೆ ರೋಣ ತಾಲೂಕು. ತಮಾಷೆ ಏನಂದರೆ, ಬೆಂಗಳೂರಿನಿಂದ ಹದ್ದು ಹಾರಿದರೆ ಹುಬ್ಬಳ್ಳಿ ಎಷ್ಟು ದೂರವೋ ಮೆಣಸಗಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ನಾವು ಹದ್ದಲ್ಲ. ಎಲೆಕ್ಟ್ರಾನಿಕ್ ಸಿಟಿ ಕಡೆ ಇರುವ ಒಬ್ಬ ಹುಡುಗ ಕೆಲಸದ ದಿನ ಮನೆ ಬಿಟ್ಟು ಮೆಣಸಗಿಗೆ ಹೋಗುತ್ತಾನೆ ಅಂತ ಇಟ್ಟುಕೊಳ್ಳಿ. ಏರ್‌ಪೋರ್ಟ್ ಮುಟ್ಟಲಿಕ್ಕೆ ಎರಡು ತಾಸು. ಬ್ಯಾಗು, ಸೆಕ್ಯುರಿಟಿ, ಗೇಟು, ಕೂತು ಕಾಯುವುದು ಅಂತ ಒಂದೂವರೆ ತಾಸು. ವಿಮಾನ ಒಂದು ತಾಸು ಹತ್ತು ನಿಮಿಷ. ಇಳಿದು ಬ್ಯಾಗು ತಗೊಂಡು ಹೊರಗೆ ಬರಲು ಅರ್ಧ ತಾಸು. ಬಸ್ ಸ್ಟ್ಯಾಂಡಿಗೆ ಆಟೋ ಹದಿನೈದು ನಿಮಿಷ. ಗದಗ ಬಸ್ಸಿಗೆ ಅರ್ಧ ತಾಸು ಕಾಯಬೇಕು. ಹುಬ್ಬಳ್ಳಿ–ಗದಗ ಒಂದೂವರೆ ತಾಸು. ಅಲ್ಲಿ ರೋಣದ ಬಸ್ಸಿಗೆ ಮತ್ತೆ ಅರ್ಧ ತಾಸು. ಗದಗ–ರೋಣ ಒಂದೂಕಾಲು ತಾಸು. ರೋಣದಲ್ಲಿ ನಮ್ಮೂರ ಬಸ್ಸಿಗೆ ಇನ್ನೊಂದು ಅರ್ಧ ತಾಸು, ಅದೂ ಅದೃಷ್ಟ ಚೆನ್ನಾಗಿದ್ದರೆ. ಕಡೆಗೆ ಊರು ಮುಟ್ಟಲು ಮುಕ್ಕಾಲು ತಾಸು.

ಕೂಡಿಸಿ. ಹತ್ತು ತಾಸು ಇಪ್ಪತ್ತೈದು ನಿಮಿಷ.

370 ಕಿಲೋಮೀಟರನ್ನು ಈ ಹೊತ್ತಿನಿಂದ ಭಾಗಿಸಿದರೆ ತಾಸಿಗೆ 35 ಕಿಲೋಮೀಟರ್ ಚಿಲ್ಲರೆ. ನಮ್ಮೂರಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಟಿವಿಎಸ್ ಎಕ್ಸೆಲ್ಲಿನ ವೇಗ ಅದು. ಜೆಟ್ ಯುಗದ ಪ್ರಯಾಣಿಕರೇ, ನೀವು ಎಕ್ಸೆಲ್ ಮೇಲೆ ಹೋಗುತ್ತಿದ್ದೀರಿ, ನಡುವೆ ಮೋಡ ಕಾಣುತ್ತದೆ ಅಷ್ಟೇ.

"ಹುಬ್ಬಳ್ಳಿಯಿಂದ ಟ್ಯಾಕ್ಸಿ ಮಾಡ್ಕೋ" ಅಂತೀರಿ. ಮಾಡಬಹುದು. ಆಗ ಏಳೂವರೆ ತಾಸಿಗೆ ಇಳಿಯುತ್ತದೆ. ಆದರೆ ಆಗ ಉಳಿದ ಮೂರು ತಾಸು ವಿಮಾನ ಉಳಿಸಿದ್ದಲ್ಲ, ಟ್ಯಾಕ್ಸಿ ಉಳಿಸಿದ್ದು. ಇನ್ನೊಂದು ಕಡೆ ರಾತ್ರಿ ಬಸ್ಸು ನೋಡಿ. ಮೆಜೆಸ್ಟಿಕ್ ಮುಟ್ಟಲು ಒಂದು ತಾಸು, ರೋಣದ ಬಸ್ಸಿನಲ್ಲಿ ಒಂಬತ್ತು ತಾಸು, ರೋಣದಿಂದ ಊರಿಗೆ ಕಾಯುವುದೂ ಸೇರಿ ಒಂದೂಕಾಲು ತಾಸು. ಹನ್ನೊಂದೂಕಾಲು. ವಿಮಾನ-ಬಸ್ಸಿನ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಐವತ್ತು ನಿಮಿಷ. ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋಗುತ್ತೀರಿ, ಹಗಲು ಉಳಿಯುತ್ತದೆ. ವಿಮಾನ ಒಂದಿಡೀ ಹಗಲು ತಿನ್ನುತ್ತದೆ.

ಹಾಗಾದರೆ ಹುಬ್ಬಳ್ಳಿ ಊರಿನವರಿಗಾದರೂ ವಿಮಾನ ಲಾಭವೇ? ಮೇಲಿನ ಲೆಕ್ಕದಲ್ಲೇ ಹುಬ್ಬಳ್ಳಿ ನಿಲ್ದಾಣದ ಹೊರಗೆ ಬರುವ ಹೊತ್ತಿಗೆ ಐದು ತಾಸು ಹತ್ತು ನಿಮಿಷ ಆಗಿರುತ್ತದೆ. 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಐದಾರು ತಾಸಿನಲ್ಲಿ ಹುಬ್ಬಳ್ಳಿ ಮುಟ್ಟಿಸುತ್ತದೆ. ಸ್ಟೇಶನ್ನಿಗೆ ಹೋಗುವ ಹೊತ್ತು ಸೇರಿಸಿದರೆ ಒಂದು ತಾಸು ಆಚೆ-ಈಚೆ. ಹಳಿಯ ಮೇಲೆ ಓಡುವ ಗಾಡಿ, ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡು ಕೂರಬಹುದು, ಬೆಲ್ಟ್ ಬಿಚ್ಚುವ ಅವಮಾನವಿಲ್ಲ, ಇಳಿದರೆ ಊರ ನಡುವೆಯೇ ಇರುತ್ತೀರಿ.

ನಮ್ಮ ಕಸುಬಿನವರಿಗೆ ಇದು ಹೊಸ ವಿಷಯವಾಗಬಾರದು. 1967ರಲ್ಲಿ ಜೀನ್ ಆಮ್ಡಾಲ್ ಮಂಡಿಸಿದ ವಾದದಿಂದ ಬಂದ ನಿಯಮವನ್ನು ನಾವೆಲ್ಲ ಪರೀಕ್ಷೆಗೆ ಓದಿದವರೇ: ಒಂದು ಕೆಲಸದ ಒಂದು ಭಾಗವನ್ನು ಮಾತ್ರ ಎಷ್ಟೇ ವೇಗ ಮಾಡಿದರೂ, ಉಳಿದ ಭಾಗ ನಿಧಾನವಾಗಿದ್ದರೆ ಒಟ್ಟು ಲಾಭಕ್ಕೆ ಒಂದು ಮಿತಿ ಇರುತ್ತದೆ. ನಮ್ಮ 625 ನಿಮಿಷದಲ್ಲಿ ವಿಮಾನದ್ದು 70 ನಿಮಿಷ, ನೂರಕ್ಕೆ ಹನ್ನೊಂದು ಪಾಲು. ನಾಳೆ ಯಾರೋ ಮಂತ್ರ ಹಾಕಿ ಬೆಂಗಳೂರು–ಹುಬ್ಬಳ್ಳಿ ಹಾರಾಟವನ್ನು ಸೊನ್ನೆ ನಿಮಿಷಕ್ಕೆ ಇಳಿಸಿದರೂ ಮೆಣಸಗಿಯವನಿಗೆ ಉಳಿಯುವುದು 70 ನಿಮಿಷ. ಅದೇ ಹುಬ್ಬಳ್ಳಿ, ಗದಗ, ರೋಣದ ಬಸ್ ಸ್ಟ್ಯಾಂಡುಗಳಲ್ಲಿ ಅವನು ಸುಮ್ಮನೆ ನಿಂತು ಕಾಯುವ ಹೊತ್ತು ಎಷ್ಟು? 90 ನಿಮಿಷ. ಹಾರಾಟಕ್ಕಿಂತ ಕಾಯಾಟ ಹೆಚ್ಚು! ಅದನ್ನು ಇಳಿಸಲಿಕ್ಕೆ ರನ್‌ವೇ ಬೇಡ, ಭೂಸ್ವಾಧೀನ ಬೇಡ, ರಿಬ್ಬನ್ ಕತ್ತರಿ ಬೇಡ. ಮೂರು ಬಸ್ಸಿನ ಟೈಮ್ ಒಂದಕ್ಕೊಂದು ಹೊಂದಿಸಬೇಕು. ಆಫೀಸಿನಲ್ಲಿ ಯಾವನಾದರೂ ಹನ್ನೊಂದು ಪರ್ಸೆಂಟ್ ಕೋಡನ್ನು ಆಪ್ಟಿಮೈಸ್ ಮಾಡಲಿಕ್ಕೆ ಇಡೀ ವರ್ಷದ ಬಜೆಟ್ ಕೇಳಿದರೆ ನಾವು ಅವನನ್ನು ರಿವ್ಯೂನಲ್ಲಿ ಹುರಿದು ಮುಕ್ಕುತ್ತೇವೆ. ಸರಕಾರ ಅದನ್ನೇ ಮಾಡಿದರೆ ಸ್ಟೇಟಸ್ ಹಾಕುತ್ತೇವೆ.

ಈ ಸಂಖ್ಯೆ ಎಷ್ಟು ಮೋಸದ್ದು ಅನ್ನಲಿಕ್ಕೆ ಬೆಂಗಳೂರಿನಲ್ಲೇ ಪುರಾವೆ ಇದೆ. 2008ರ ಮೇ ತಿಂಗಳ ತನಕ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅದು ಊರೊಳಗೇ ಇತ್ತು. ಮೇ 24ರಿಂದ ಎಲ್ಲ ದೇವನಹಳ್ಳಿಗೆ ಹೋಯಿತು. ಹೊಸ ನಿಲ್ದಾಣ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ರಾತ್ರಿಯಲ್ಲಿ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಎಲ್ಲ ಊರೂ ದೂರವಾದವು. ಚೆನ್ನೈ ದೂರವಾಯಿತು, ಕೊಚ್ಚಿ ದೂರವಾಯಿತು. ಟಿಕೆಟ್ಟಿನ ಮೇಲಿನ ನಿಮಿಷ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಪ್ರಯಾಣ ಒಂದು ತಾಸು ಬೆಳೆದರೂ ಅಳತೆಗೋಲಿಗೆ ಅದು ಗೊತ್ತಾಗದಿದ್ದರೆ, ಆ ಗೋಲು ಇಟ್ಟುಕೊಂಡು ಏನು ಅಳೆಯುವುದು?

ಇನ್ನು ದುಡ್ಡಿನ ಮಾತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆ ತಂದಿತು. ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅನ್ನುವ ಮಾತು ಆಗ ಬಹಳ ಓಡಾಡಿತು. ಒಂದು ತಾಸಿನ, ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ ಒಂದಷ್ಟು ಸೀಟುಗಳಿಗೆ 2,500 ರೂಪಾಯಿ ಮಿತಿ. ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ತುಂಬಿಕೊಡುವುದು, ಅದರಲ್ಲಿ ರಾಜ್ಯದ ಪಾಲು ನೂರಕ್ಕೆ ಇಪ್ಪತ್ತು. ಒಳ್ಳೆಯದು. ಫಲ ಏನಾಯಿತು? ಸಿಎಜಿ ವರದಿ 2023ರಲ್ಲಿ ಸಂಸತ್ತಿನ ಮುಂದೆ ಬಂತು. ಕೊಟ್ಟ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ವಿಮಾನ ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚಿನವರೆಗೆ ಉಸಿರಾಡುತ್ತಿದ್ದದ್ದು 54. ನಮ್ಮ ಬೀದರ್ ನೋಡಿ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಬಂತು. ನಿಂತಿತು. ಬೇರೆ ಕಂಪನಿಯದು ಬಂತು. ಅದೂ ನಿಂತಿತು. 2025ರಲ್ಲಿ ಮತ್ತೆ ಶುರುವಾಯಿತು. ಬಿತ್ತಿದ ಹೊಲದಲ್ಲಿ ಪ್ರತಿ ವರ್ಷ ಹೀಗೆ ಬೆಳೆ ನಿಂತರೆ ರೈತ ಬೀಜ ಬದಲಿಸುತ್ತಾನೆ. ನಾವು ಮತ್ತೊಂದು ಹೊಲ ಕೊಂಡು ಅದೇ ಬೀಜ ಬಿತ್ತುತ್ತೇವೆ.

ಇಲ್ಲಿ ನನಗೆ ಸಿಟ್ಟು ಬರಿಸುವುದು ಇನ್ನೊಂದು ಸಂಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದಾಗ ನಮ್ಮ ಕ್ಯಾಂಟೀನುಗಳಲ್ಲಿ ಎಂಥ ಗೋಳು! "ಬಿಟ್ಟಿ ಭಾಗ್ಯ", "ನಮ್ಮ ಟ್ಯಾಕ್ಸ್ ದುಡ್ಡು", "ರಾಜ್ಯ ಮುಳುಗಿತು". ಶಕ್ತಿ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿವೆ. ಬಸ್ಸು ಹೆಚ್ಚಿಸದೆ ಜನ ಹೆಚ್ಚಿಸಿದರೆ ಏನಾಗುತ್ತದೆ ಅಂತ ರೋಣ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಆದರೆ ಕ್ಯಾಂಟೀನಿನಲ್ಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಖಾಲಿ ಸೀಟಿನ ವಿಮಾನಕ್ಕೆ ಸರಕಾರ ಕೊರತೆ ತುಂಬಿಕೊಡುವಾಗ, ವಿಮಾನದ ಇಂಧನಕ್ಕೆ ತೆರಿಗೆ ಇಳಿಸುವಾಗ "ಬಿಟ್ಟಿ" ಅನ್ನುವ ಶಬ್ದ ಯಾರ ಬಾಯಿಂದಲೂ ಬರಲಿಲ್ಲ. ಅದಕ್ಕೆ ಬೇರೆ ಹೆಸರಿದೆ: ಕನೆಕ್ಟಿವಿಟಿ. ಗದ್ದೆಗೆ ಕಳೆ ಕೀಳಲು ಹೋಗುವ ಅವ್ವನ ಟಿಕೆಟ್ಟಿಗೆ ಕೊಟ್ಟರೆ ದಂಡ, ಅವಳ ಮಗನ ಸೀಟಿಗೆ ಕೊಟ್ಟರೆ ಅಭಿವೃದ್ಧಿ!

ಈಗ ಎದುರು ವಾದಗಳು. ಮೊದಲನೆಯದು: ಏರ್‌ಪೋರ್ಟ್ ಬಂದರೆ ಕೈಗಾರಿಕೆ ಬರುತ್ತದೆ. ದೊಡ್ಡ ಊರಿಗೆ ಬರಬಹುದು. ಹುಬ್ಬಳ್ಳಿ ನಿಲ್ದಾಣ ಬೇಡ ಅನ್ನುವ ಹುಚ್ಚ ನಾನಲ್ಲ. ನಾನೂ ಅಲ್ಲಿ ಇಳಿಯುತ್ತೇನೆ, ಇನ್ನೂ ಹೆಚ್ಚು ವಿಮಾನ ಬರಲಿ. ಆದರೆ ಅದರ ಸುತ್ತ ನೂರು ಕಿಲೋಮೀಟರಿನಲ್ಲಿ ಇರುವ ತಾಲೂಕುಗಳಿಗೆ ಅದು ಹತ್ತಿರವಾಗದೆ ಅದು ಹುಬ್ಬಳ್ಳಿಯ ನಿಲ್ದಾಣ ಮಾತ್ರ, ಉತ್ತರ ಕರ್ನಾಟಕದ್ದಲ್ಲ. ನಮ್ಮ ಎರಿ ಹೊಲದಲ್ಲಿ ಬೆಳೆಯುವ ಕಡಲಿ, ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಯಾವುದೂ ವಿಮಾನ ಹತ್ತುವುದಿಲ್ಲ. ಅವು ಲಾರಿ ಹತ್ತುತ್ತವೆ. ಲಾರಿಗೆ ರಸ್ತೆ ಬೇಕು, ಸೇತುವೆ ಬೇಕು.

ಎರಡನೆಯದು: ಎಲ್ಲ ಜಿಲ್ಲೆಗೂ ಇದೆ, ನಮಗೇಕೆ ಬೇಡ? ಇದು ಮಾನದ ಪ್ರಶ್ನೆ ಅಂತಾರೆ. ಕಲಬುರಗಿಗೆ ಬಂತು, ಬೀದರಿಗೆ ಬಂತು, 2023ರಲ್ಲಿ ಶಿವಮೊಗ್ಗಕ್ಕೆ ಬಂತು, ನಾವೇನು ಕಡಿಮೆ? ಸರಿ, ಮಾನ ಅಂತಲೇ ಇಟ್ಟುಕೊಳ್ಳೋಣ. ಗಜೇಂದ್ರಗಡ ತಾಲೂಕು ಕೇಂದ್ರ, ನೇಕಾರಿಕೆಗೆ ಹೆಸರಾದ ಊರು. ಅಲ್ಲಿಗೆ ಇವತ್ತಿಗೂ ರೈಲಿಲ್ಲ. ಗದಗದಿಂದ ಹೊಳೆಆಲೂರು, ಬಾದಾಮಿ ಮೇಲೆ ಹೊಟಗಿಗೆ ಹೋಗುವ ಹಳಿಯನ್ನು ಬ್ರಿಟಿಷರ ಕಾಲದಲ್ಲಿ, 1880ರ ದಶಕದಲ್ಲಿ ಹಾಕಿದ್ದು. ಹೊಳೆಆಲೂರು ನಮಗೆ ಹತ್ತಿರದ ಸ್ಟೇಶನ್ನು. ರೈಲು ಇಳಿದವರಿಗೆ ಅಲ್ಲಿಂದ ಸುತ್ತಲಿನ ಹಳ್ಳಿಗೆ ಹೋಗಲು ಬಸ್ಸು ಎಷ್ಟು ಹೊತ್ತಿಗೆ ಇದೆ ಅಂತ ಯಾವ ಆ್ಯಪೂ ಹೇಳುವುದಿಲ್ಲ. ಸ್ಟೇಶನ್ ಎದುರಿನ ಚಹಾದ ಅಂಗಡಿಯವರನ್ನು ಕೇಳಬೇಕು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಮುಡಿಸುವುದನ್ನು ನಮ್ಮ ಹಿರಿಯರು ಮಾನ ಅನ್ನುತ್ತಿರಲಿಲ್ಲ.

ಮೂರನೆಯದು: ಅರ್ಜೆಂಟಿಗೆ ವಿಮಾನವೇ ಬೇಕಲ್ಲ? ಈ ವಾದ ನನ್ನ ಓರಗೆಯ ಎಲ್ಲರಿಗೂ ಎದೆಗೆ ತಾಗುವಂಥದ್ದು. ನಮ್ಮೆಲ್ಲರ ಅಪ್ಪ-ಅವ್ವ ಊರಲ್ಲಿದ್ದಾರೆ, ವಯಸ್ಸಾಗುತ್ತಿದೆ, ಫೋನು ರಾತ್ರಿ ಹೊತ್ತಲ್ಲಿ ಹೊಡೆದರೆ ಕೈ ನಡುಗುತ್ತದೆ. ಹಾಗಾಗಿಯೇ ಇದನ್ನು ನೆಟ್ಟಗೆ ಯೋಚಿಸಬೇಕು. ರಾತ್ರಿ ಒಂಬತ್ತಕ್ಕೆ ಫೋನು ಬಂದರೆ ವಿಮಾನ ಸಿಗುವುದು ಮರುದಿನ. ಅದನ್ನು ಕಾಯುವವನಿಗಿಂತ ಆ ರಾತ್ರಿಯೇ ಕಾರು ಹಿಡಿದವನು ಮೊದಲು ಮುಟ್ಟುತ್ತಾನೆ. ಮುಖ್ಯ ಮಾತು ಅದಲ್ಲ. ಅಪ್ಪನಿಗೆ ಎದೆ ಹಿಡಿದುಕೊಂಡಾಗ ಅವರ ಜೀವ ಉಳಿಸುವುದು ಮಗ ಎಷ್ಟು ಬೇಗ ಬಂದ ಅನ್ನುವುದಲ್ಲ, ಅವರು ಎಷ್ಟು ಬೇಗ ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ಕಿಮ್ಸ್‌ಗೋ ಮುಟ್ಟಿದರು ಅನ್ನುವುದು. ಎದೆನೋವಿಗೆ ಮೊದಲ ಒಂದು ತಾಸು ಬಂಗಾರದ ತಾಸು ಅಂತ ಡಾಕ್ಟರುಗಳು ಹೇಳುತ್ತಾರೆ. ನಿಜವಾಗಿ ಬೆಲೆಯುಳ್ಳ "ಒಂದು ತಾಸು" ಇದು. ಬೆಂಗಳೂರು–ಹುಬ್ಬಳ್ಳಿಯ ಒಂದು ತಾಸಲ್ಲ, ಮೆಣಸಗಿ–ಗದಗಿನ ಒಂದು ತಾಸು. ಆ ಒಂದು ತಾಸಿನಲ್ಲಿ ಆ್ಯಂಬುಲೆನ್ಸು ಮನೆಗೆ ಬಂದು, ರೋಗಿಯನ್ನು ಹೊತ್ತು, ಗದಗ ಮುಟ್ಟಬೇಕು. ಮುಟ್ಟುವುದಿಲ್ಲ. ರೋಣದಲ್ಲೇ ಹೃದಯದ ಚಿಕಿತ್ಸೆಗೆ ಬೇಕಾದ್ದು ಇರಬೇಕು, ಇಲ್ಲವೇ ರಸ್ತೆ ಹಾಗಿರಬೇಕು.

ರಸ್ತೆಯ ಮಾತು ಬಂದರೆ ಮಳೆಗಾಲದ್ದೂ ಬರುತ್ತದೆ. ನಮ್ಮೂರ ಹತ್ತಿರ ಬೆಣ್ಣೆಹಳ್ಳ ಬಂದು ಮಲಪ್ರಭೆ ಸೇರುತ್ತದೆ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ನವಲಗುಂದದ ಎರಿ ಮಣ್ಣು ತೊಳೆದುಕೊಂಡು ಬರುವ ಹಳ್ಳ ಅದು. ಮೇಲೆ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ, ಇತ್ತ ಹಳ್ಳವೂ ತುಂಬಿ ಬಂದರೆ ಹೊಳೆಸಾಲಿನ ಊರುಗಳು ನಡುಗಡ್ಡೆಯಾಗುತ್ತವೆ. 2009ರಲ್ಲಿ ಆಯಿತು. 2019ರ ಆಗಸ್ಟಿನಲ್ಲಿ ಮತ್ತೆ ಆಯಿತು. ಆ ದಿನಗಳಲ್ಲಿ ಮೆಣಸಗಿಯಿಂದ ರೋಣಕ್ಕೆ ಎಷ್ಟು ಹೊತ್ತು ಅಂತ ಕೇಳಿದ್ದರೆ ಉತ್ತರ ತಾಸಿನಲ್ಲಿ ಇರುತ್ತಿರಲಿಲ್ಲ, ದಿನದಲ್ಲಿ ಇರುತ್ತಿತ್ತು. ಆಗಲೂ ಆ್ಯಪಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಒಂದು ತಾಸು ಹತ್ತು ನಿಮಿಷವೇ.

ಊರ ಕಟ್ಟೆಯ ಮೇಲೆ ಈ ವಿಷಯ ತೆಗೆದರೆ ಹಿರಿಯರು ನಮ್ಮಷ್ಟು ಲೆಕ್ಕ ಹಾಕುವುದಿಲ್ಲ. "ವಿಮಾನ ಹಂಗಿರ್ಲಿ ತಮ್ಮಾ, ಸಂಜಿ ಮುಂದ ರೋಣದಿಂದ ಬರೂ ಬಸ್ಸು ಟೈಮಿಗೆ ಸರಿಯಾಗಿ ಬಂದ್ರ ಸಾಕು" ಅಂತಾರೆ. ಇದನ್ನು ಕೇಳಿ ನಾವು ಹಳ್ಳಿಯವರಿಗೆ ದೊಡ್ಡ ಕನಸಿಲ್ಲ ಅಂತ ನಗುತ್ತೇವೆ. ಅವರು ಹೇಳುತ್ತಿರುವುದು ಆಮ್ಡಾಲ್ ಹೇಳಿದ್ದನ್ನೇ.

ಇದು ಬಡವರ ಮಾತು, ಹಿಂದುಳಿದವರ ಮಾತು ಅನ್ನುವವರು ಸ್ವಿಟ್ಜರ್ಲೆಂಡಿನ ಕಡೆ ನೋಡಲಿ. ಆನ್‌ಸೈಟ್ ಹೋಗಿ ಬಂದವರು ಅಲ್ಲಿನ ರೈಲನ್ನು ಹೊಗಳದ ದಿನವಿಲ್ಲ. ಅವರು 1982ರಿಂದಲೇ ಇಡೀ ದೇಶಕ್ಕೆ ಗಡಿಯಾರದಂಥ ಒಂದೇ ಟೈಮ್‌ಟೇಬಲ್ ಹಾಕಿಕೊಂಡರು. ಆಮೇಲೆ ಜ್ಯೂರಿಕ್–ಬರ್ನ್ ನಡುವೆ ಹೊಸ ಹಳಿ ಹಾಕಿ 2004ರಲ್ಲಿ ಪ್ರಯಾಣವನ್ನು 56 ನಿಮಿಷಕ್ಕೆ ಇಳಿಸಿದರು. 56 ಯಾಕೆ? ಒಂದು ತಾಸಿನ ಒಳಗೆ ಬಂದರೆ ಎರಡೂ ಸ್ಟೇಶನ್ನುಗಳಲ್ಲಿ ಮುಂದಿನ ರೈಲು ಹಿಡಿಯಲು ನಾಲ್ಕೈದು ನಿಮಿಷ ಸಿಗುತ್ತದೆ, ಆ ರೈಲು ಇಳಿದ ಕಡೆ ಹಳ್ಳಿಗೆ ಹೋಗುವ ಹಳದಿ ಬಸ್ಸು ಕಾದಿರುತ್ತದೆ. ಅದಕ್ಕಿಂತ ವೇಗ ಅವರಿಗೆ ಬೇಕಾಗಲಿಲ್ಲ, ಬರೀ ದುಡ್ಡು ದಂಡ. ಗಾಡಿ ಎಷ್ಟು ವೇಗ ಅಂತ ಕೇಳದೆ, ಕೊನೆಯ ಹಳ್ಳಿಯವನು ಎಷ್ಟು ಹೊತ್ತಿಗೆ ಮನೆ ಮುಟ್ಟಿದ ಅಂತ ಅವರು ಕೇಳಿದರು. ಶ್ರೀಮಂತ ದೇಶ ಬಸ್ಸಿನ ಟೈಮ್ ಹೊಂದಿಸುತ್ತದೆ. ನಾವು ಹೊಂದಿಸಬೇಕಾದ ಮೂರು ಬಸ್ಸು ಬಿಟ್ಟು ಟರ್ಮಿನಲ್ಲಿನ ಗಾಜು ಎಣಿಸುತ್ತೇವೆ.

ವಾಯವ್ಯ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ವಿಮಾನ ನಿಲ್ದಾಣವೂ ಅಲ್ಲೇ, ವಂದೇ ಭಾರತ್ ನಿಲ್ಲುವುದೂ ಅಲ್ಲೇ. ವಿಮಾನ, ರೈಲು ಬರುವ ಹೊತ್ತು ಗುಟ್ಟೇನಲ್ಲ. ನರಗುಂದ, ರೋಣ, ಗಜೇಂದ್ರಗಡಕ್ಕೆ ಆ ಹೊತ್ತಿಗೆ ಹೊಂದಿಸಿ ದಿನಕ್ಕೆ ಎರಡು ಬಸ್ಸು ಬಿಡಿ. ರೋಣದಲ್ಲಿ ಹಳ್ಳಿ ಬಸ್ಸು ಆ ಬಸ್ಸನ್ನು ಹತ್ತು ನಿಮಿಷ ಕಾಯಲಿ. ಬಸ್ಸು ಎಲ್ಲಿದೆ ಅಂತ ಫೋನಿನಲ್ಲಿ ಕಾಣಲಿ. ಇದರಿಂದ ಉಳಿಯುವ ಒಂದು ತಾಸು ಯಾವ ಜೆಟ್ ಎಂಜಿನ್ನೂ ನಮಗೆ ಉಳಿಸಿಕೊಡಲಾರದ ತಾಸು.

ನಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಮುಂದಿನ ಚುನಾವಣೆಯಲ್ಲಿ ಯಾರಾದರೂ ಬಂದು ನಿಮ್ಮ ಜಿಲ್ಲೆಗೆ ಏರ್‌ಪೋರ್ಟ್ ತರುತ್ತೇವೆ, ರಾಜಧಾನಿ ಬರೀ ಒಂದು ತಾಸು ಅಂದಾಗ ಶಿಳ್ಳೆ ಹೊಡೆಯಬೇಡಿ. ಎಲ್ಲಿಂದ ಎಲ್ಲಿಗೆ ಒಂದು ತಾಸು ಅಂತ ಕೇಳಿ. ಯಾರ ಮನೆ ಬಾಗಿಲಿನಿಂದ ಅಂತ ಕೇಳಿ. ರಾತ್ರಿ ಎಂಟರ ಮೇಲೆ ರೋಣದಲ್ಲಿ ಇಳಿದವರು ಮನೆಗೆ ಹೇಗೆ ಹೋಗಬೇಕು ಅಂತ ಕೇಳಿ. ಉತ್ತರ ಇದ್ದವರಿಗೆ ವೋಟು ಹಾಕಿ.